ಒಂದೇ ದಿನದ ಆಟಗಾರ

ಅಮೆರಿಕದ ಬೇಸ್‌ಬಾಲ್ ಆಟದಲ್ಲಿ, ಮೊದಲಿನ ಎಸೆತಗಾರನು ಸೋತಾಗ ಅವನ ಸ್ಥಾನಕ್ಕೆ ಬರುವ ಬದಲಿ ಎಸೆತಗಾರರುಂಟು. ಅವರಲ್ಲಿ ಹಲವರು ಆಡುವುದಕ್ಕಿಂತ ಕಾಯುವುದರಲ್ಲಿಯೇ ಹೆಚ್ಚು ಕಾಲ ಕಳೆಯುವರು. ಅಂಥವರನ್ನು ನೆನೆಯುವವರು ವಿರಳ. ಬರ್ಟ್ ಶೆಪರ್ಡನ ಮಾತು ಬೇರೆ.

ಎಡಗೈ ಎಸೆತಗಾರನಾದ ಈತನು ಎರಡನೆಯ ಮಹಾಯುದ್ಧದಲ್ಲಿ ವಿಮಾನಚಾಲಕನಾಗಿದ್ದನು. 1944ರ ಮೇ ತಿಂಗಳಿನಲ್ಲಿ ಜರ್ಮನಿಯಲ್ಲಿ ಅವನ ವಿಮಾನವು ಗುಂಡೇಟಿಗೆ ಸಿಕ್ಕಿ ಕೆಳಗುರುಳಿತು. ಶತ್ರುಪಕ್ಷದ ವೈದ್ಯನಾದ ಲಾಡಿಸ್ಲಾಸ್ ಲೋಯ್ಡಲ್ ಪ್ರಾಣವನ್ನು ಕಾಪಾಡಿದನು. ಬಲಗಾಲು ಮಾತ್ರ ಮೊಣಕಾಲಿನ ಕೆಳಗೆ ಹೋಯಿತು. ಸೆರೆಯಲ್ಲಿ ಕೆನಡಾದ ಸಹಬಂದಿಯೊಬ್ಬನು ಕೃತಕ ಕಾಲನ್ನು ಮಾಡಿಕೊಡಲು, ಶೆಪರ್ಡನು ಅಲ್ಲಿಯೇ ಎಸೆತದ ಅಭ್ಯಾಸಕ್ಕೆ ತೊಡಗಿದನು.

ಬಿಡುಗಡೆಯಾದ ಮೇಲೆ ವಾಷಿಂಗ್ಟನ್ ಸೆನೆಟರ್ಸ್ ತಂಡವನ್ನು ಸೇರಿದನು. 1945ರ ಆಗಸ್ಟ್ 4ರಂದು, ಬಾಸ್ಟನ್ ರೆಡ್ ಸಾಕ್ಸ್ ತಂಡವು ನಾಲ್ಕನೆಯ ಸರದಿಯೊಂದರಲ್ಲಿಯೇ 12 ಓಟಗಳನ್ನು ಗಳಿಸಿ, ಮೂರು ನೆಲೆಗಳಲ್ಲಿಯೂ ತನ್ನವರನ್ನು ನಿಲ್ಲಿಸಿಕೊಂಡಿದ್ದಾಗ ಇವನಿಗೆ ಕರೆ ಬಂದಿತು. ಎದುರಿಸಿದ ಮೊದಲನೆಯವನಾದ ಜಾರ್ಜ್ ಮೆಟ್ಕೊವಿಚ್‌ನನ್ನೇ ಔಟ್ ಮಾಡಿ ಆ ಸರದಿಯನ್ನು ಮುಗಿಸಿದನು. ಆಟದ ಕೊನೆಯವರೆಗೆ, ಐದೂ ಕಾಲಿಗಿಂತ ಹೆಚ್ಚು ಸರದಿಗಳಲ್ಲಿ, ಬಿಟ್ಟುಕೊಟ್ಟದ್ದು ಒಂದೇ ಓಟ.

ತಂಡವು 15–4ರಿಂದ ಸೋತಿತು. ಅವನಿಗೆ ಇನ್ನೊಮ್ಮೆ ಅವಕಾಶ ದೊರೆಯಲಿಲ್ಲ. ಸೋತು ಮುಗಿದ ಆಟವಾದುದರಿಂದಲೇ ಅವನನ್ನು ಕಳುಹಿಸಿದರು ಎನ್ನಬಹುದು. ಆದರೆ ಎದುರಿನ ಆಟಗಾರರ ದಾಂಡು ಕನಿಕರವನ್ನರಿಯದು. ಆ ಒಂದು ಓಟದ ಲೆಕ್ಕವು ಅವನು ತನ್ನ ತೋಳಿನಿಂದ ಗಳಿಸಿದ್ದು.

1993ರಲ್ಲಿ ಶೆಪರ್ಡನು ಲೋಯ್ಡಲ್‌ನನ್ನು ಕಂಡು ಕೃತಜ್ಞತೆಯನ್ನು ಸಲ್ಲಿಸಿದನು, 2008ರಲ್ಲಿ ತೀರಿಕೊಂಡನು. ದಾಖಲೆಯಲ್ಲಿ ಅವನದು ಒಂದೇ ಸಾಲು. ಆದರೂ ನೂರಾರು ಆಟಗಳನ್ನಾಡಿದವರನ್ನು ಮರೆತ ಅಭಿಮಾನಿಗಳು ಅವನನ್ನು ಮರೆತಿಲ್ಲ.