1843: ಕಂಪನಿ ಆಳ್ವಿಕೆಯ ಭಾರತ

ಫೆಬ್ರವರಿಯಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸೇನಾನಿ ಚಾರ್ಲ್ಸ್ ನೇಪಿಯರ್‌ನ ಸೈನ್ಯ ಮಿಯಾನಿಯಲ್ಲಿ ಸಿಂಧ್‌ನ ಆಳರಸರಾದ ತಾಲ್ಪುರ್ ಮೀರರನ್ನು ಸೋಲಿಸಿತು. ಸಿಂಧ್ ಕಂಪನಿಯ ಪಾಲಾಯಿತು. ಏಪ್ರಿಲ್‌ನಲ್ಲಿ ಬಂದ 5ನೇ ಕಾಯ್ದೆ, ಗುಲಾಮರ ಮೇಲಿನ ಒಡೆತನವನ್ನು ನ್ಯಾಯಾಲಯಗಳು ಮಾನ್ಯ ಮಾಡಕೂಡದೆಂದಿತು. ಕಾಗದದ ಮೇಲೆ ದೊಡ್ಡ ಮಾತೇ ಸರಿ. ಆದರೆ ಗುಲಾಮರನ್ನು ಇಟ್ಟುಕೊಳ್ಳುವುದು ಶಿಕ್ಷಾರ್ಹ ಅಪರಾಧವಾಗಲು 1860ರ ದಂಡಸಂಹಿತೆಯೇ ಬರಬೇಕಾಯಿತು.

ನಮಗೆ ಹತ್ತಿರದ ಸುದ್ದಿ ಮಂಗಳೂರಿನದು. ಜುಲೈ 1ರಂದು ಬಾಸೆಲ್ ಮಿಶನ್‌ನ ಜರ್ಮನ್ ಪಾದ್ರಿ ಹರ್ಮನ್ ಮೋಗ್ಲಿಂಗ್ ‘ಮಂಗಳೂರ ಸಮಾಚಾರ’ ಹೊರತಂದರು. ಕನ್ನಡದ ಮೊದಲ ಪತ್ರಿಕೆಯಿದು. ಅಚ್ಚಿನ ಮೊಳೆಗಳಿಲ್ಲ, ಕೈಬರಹವನ್ನೇ ಕಲ್ಲಚ್ಚಿಗೆ ಇಳಿಸಿ, ಹದಿನೈದು ದಿನಕ್ಕೊಮ್ಮೆ ನಾಲ್ಕು ಪುಟ ಮುದ್ರಣ. ಊರಿನ ವರ್ತಮಾನ, ಸರ್ಕಾರಿ ಕಾನೂನು, ಪರದೇಶದ ಸುದ್ದಿ, ಎಲ್ಲವೂ ಅಷ್ಟರಲ್ಲೇ. ಮರುವರ್ಷ ಪತ್ರಿಕೆ ಬಳ್ಳಾರಿಗೆ ಹೋಗಿ ‘ಕನ್ನಡ ಸಮಾಚಾರ’ವಾಯಿತು. ಕರ್ನಾಟಕದಲ್ಲಿ ಜುಲೈ 1 ಇಂದು ಪತ್ರಿಕಾ ದಿನ.