ಕಾರಿನ ಮೇಲಿನ ಕಡ್ಡಿಯ ಚರಿತ್ರೆ

ಅರೋರಾದ ಹೆದ್ದಾರಿಗಳಲ್ಲಿ ಆಗೊಮ್ಮೆ ಈಗೊಮ್ಮೆ, ನಡುವೆ ತಂತಿಸುರುಳಿ ಹೊತ್ತ ಎತ್ತರದ ಕಡ್ಡಿಯೊಂದನ್ನು ನಿಲ್ಲಿಸಿಕೊಂಡ ಕಾರು ಕಣ್ಣಿಗೆ ಬೀಳುತ್ತದೆ. ಅದು ಹವ್ಯಾಸಿ ರೇಡಿಯೊದವರ, ಎಂದರೆ ‘ಹ್ಯಾಮ್’ಗಳ ಆಂಟೆನಾ. ಅದರ ಚರಿತ್ರೆಯ ಬಹುಭಾಗ ನಾವು ನೆಲೆಸಿರುವ ಈ ಸೀಮೆಯದೇ.

1928ರ ಏಪ್ರಿಲ್ 7ರಂದು ಡೆಟ್ರಾಯಿಟ್ ಪೊಲೀಸರು ಗಸ್ತು ಕಾರುಗಳಿಗೆ ರೇಡಿಯೊ ಸಂದೇಶ ಕಳುಹಿಸುವ ಸೇವೆಯನ್ನು ಆರಂಭಿಸಿದರು. ಕಾರಿನಲ್ಲಿದ್ದವರು ಕೇಳಬಹುದಿತ್ತು, ಉತ್ತರಿಸುವಂತಿರಲಿಲ್ಲ. 1930ರಲ್ಲಿ ಚಿಕಾಗೊದ ಗ್ಯಾಲ್ವಿನ್ ಸಂಸ್ಥೆ ‘ಮೋಟೊರೋಲಾ’ ಹೆಸರಿನ ಕಾರು ರೇಡಿಯೊವನ್ನು ಮಾರುಕಟ್ಟೆಗೆ ತಂದಿತು. ಆಗಿನ ಕಾರುಗಳ ಮಾಡಿನ ನಡುಭಾಗ ಬಟ್ಟೆಯದು. ಅದರೊಳಗೆ ಅಡಗಿಸಿದ ತಂತಿಜಾಲರಿಯೇ ಆಂಟೆನಾ ಆಗುತ್ತಿತ್ತು. 1935ರ ಮಾದರಿಗಳಿಗೆ ಜನರಲ್ ಮೋಟಾರ್ಸ್ ಇಡಿಯಾದ ಉಕ್ಕಿನ ಮಾಡನ್ನು ಹೊದಿಸಿತು. ಉಕ್ಕು ಅಲೆಗಳನ್ನು ತಡೆಯುವುದರಿಂದ ಆಂಟೆನಾ ಹೊರಬರಬೇಕಾಯಿತು; ಮೊದಲು ಕಾರಿನ ಮೆಟ್ಟಿಲ ಹಲಗೆಯ ಕೆಳಗೆ, ಅನಂತರ ಕಡ್ಡಿಯಾಗಿ ಮೇಲಕ್ಕೆ.

ಕೇಳಲು ಸಾಲುವ ಕಡ್ಡಿ ಮಾತನಾಡಲು ಸಾಲದು. 40 ಮೀಟರ್ ಅಲೆಗೆ ಕಾಲು ಅಲೆಯಷ್ಟು, ಎಂದರೆ ಸುಮಾರು 10 ಮೀಟರ್ ಕಡ್ಡಿ ಬೇಕು. ಕಾರು ಹೊರಬಲ್ಲುದು ಎರಡೂವರೆ ಮೀಟರ್. ಈ ಕೊರತೆಯನ್ನು ತುಂಬಿ ಶ್ರುತಿಗೂಡಿಸುವುದೇ ನಡುವಿನ ಸುರುಳಿ. ಆದರೂ ಅಲೆಗಳನ್ನು ಹೊಮ್ಮಿಸುವಾಗ ಗಿಡ್ಡ ಕಡ್ಡಿ ಒಡ್ಡುವ ರೋಧ ಕೆಲವೇ ಓಮ್. ಕೇಬಲ್ ಬಯಸುವುದು 50 ಓಮ್. ಹೊಂದಿಕೆಯಿಲ್ಲದೆಡೆ ಶಕ್ತಿಯ ಒಂದು ಪಾಲು ಬಂದ ದಾರಿಯಲ್ಲೇ ಹಿಂದಿರುಗುತ್ತದೆ. ವೈದ್ಯವೃತ್ತಿಯ ನಮಗೆ ಇಲ್ಲಿ ಕಿವಿಯ ನೆನಪಾಗುತ್ತದೆ. ಗಾಳಿಯ ಕಂಪನ ಒಳಗಿವಿಯ ದ್ರವದಿಂದ ಹಿಂದೆ ಪುಟಿಯದಂತೆ, ಕಿವಿತಮಟೆಯೂ ಮೂರು ಪುಟ್ಟ ಮೂಳೆಗಳೂ ಸೇರಿ ಒತ್ತಡವನ್ನು ಸುಮಾರು 20 ಪಟ್ಟು ಹೆಚ್ಚಿಸಿ ದಾಟಿಸುತ್ತವೆ. ಕಡ್ಡಿಯ ಬುಡದ ಸಣ್ಣ ಸುರುಳಿಯ ಕೆಲಸವೂ ಇಂಥದೇ.

ಆದರೆ ಮಾಪಕ ಮೆಚ್ಚಿದ ಮಾತ್ರಕ್ಕೆ ದನಿ ದೂರ ತಲುಪುವುದಿಲ್ಲ. ಹೊಮ್ಮಿಸುವ ರೋಧ 5 ಓಮ್, ಸುರುಳಿ ಮತ್ತು ನೆಲದ ನಷ್ಟ 45 ಓಮ್ ಎಂದುಕೊಳ್ಳೋಣ. ಒಟ್ಟು 50, ಮಾಪಕ ತೃಪ್ತ. ಆದರೆ 100 ವ್ಯಾಟ್‌ನಲ್ಲಿ ಅಲೆಯಾಗುವುದು 10 ಮಾತ್ರ, ಉಳಿದ 90 ಬರಿಯ ಬಿಸಿ. ಆದ್ದರಿಂದ ಮೊದಲು ನಷ್ಟವನ್ನು ಇಳಿಸಬೇಕು: ಸುರುಳಿಗೆ ದಪ್ಪ ತಂತಿ, ಬಾಗಿಲು ಮುಚ್ಚಳಗಳನ್ನು ಕಾರಿನ ಮೈಗೆ ಬೆಸೆಯುವ ಲೋಹಪಟ್ಟಿ. ಏಕೆಂದರೆ ಆ ಲೋಹದ ಮೈಯೇ ಆಂಟೆನಾದ ಇನ್ನೊಂದು ಅರ್ಧ. ನಷ್ಟ ಇಳಿದಂತೆ ಮಾಪಕದ ಅಂಕಿ ಕೆಡುತ್ತದೆ. ಹೊಂದಾಣಿಕೆ ಬೇಕಾಗುವುದು ಆಗಲೇ.

ಇದು ಬರಿಯ ಹವ್ಯಾಸದ ಮಾತಲ್ಲ. 1990ರ ಆಗಸ್ಟ್ 28ರಂದು ನಮ್ಮ ನೆರೆಯ ಪ್ಲೇನ್‌ಫೀಲ್ಡ್ ಸೀಮೆಯನ್ನು ಅಪ್ಪಳಿಸಿದ ಸುಂಟರಗಾಳಿಗೆ 29 ಮಂದಿ ಬಲಿಯಾದರು. ಇಂದು ಅಂಥ ಗಾಳಿಯನ್ನು ಕಂಡು ಹವಾಮಾನ ಇಲಾಖೆಗೆ ತಿಳಿಸುವ ಸ್ವಯಂಸೇವಕರಲ್ಲಿ ಹ್ಯಾಮ್‌ಗಳೂ ಇದ್ದಾರೆ. ಊರೊಳಗಿನ ಮಾತಿಗೆ ಅವರಿಗೆ 2 ಮೀಟರ್ ಅಲೆಯ ಅರ್ಧ ಮೀಟರ್ ಕಡ್ಡಿ ಸಾಕು. ಗೋಪುರಗಳೇ ಉರುಳಿ ದೂರದೂರಿನ ನೆರವನ್ನು ಕೋರಬೇಕಾದಾಗ ಸುರುಳಿ ಹೊತ್ತ ಆ ಎತ್ತರದ ಕಡ್ಡಿಯೇ ಬೇಕು. 1935ರಲ್ಲಿ ಆಂಟೆನಾವನ್ನು ಹೊರದಬ್ಬಿದ ಉಕ್ಕಿನ ಮಾಡು ಇಂದು ಅದಕ್ಕೆ ಆಸರೆಯಾಗಿದೆ.