ಫ್ಲಾಪಿಯೊಳಗೆ ಸಿಕ್ಕಿಬಿದ್ದಿದ್ದ ವಾರ್ಹೋಲ್

ಆಂಡಿ ವಾರ್ಹೋಲ್ ಅಂದ ಕೂಡಲೇ ಯಾರು ಅಂತ ಹೊಳೆಯದಿದ್ದರೂ ಅವನ ಕೆಲಸವನ್ನು ನೀವು ಖಂಡಿತಾ ನೋಡಿರುತ್ತೀರಿ. ಒಂದೇ ಮರಿಲಿನ್ ಮನ್ರೋ ಮುಖ ಸಾಲುಸಾಲಾಗಿ, ಒಂದೊಂದಕ್ಕೂ ಒಂದೊಂದು ಗಾಢ ಬಣ್ಣ. ಟೀ ಶರ್ಟಿನ ಮೇಲೆ, ಕಾಫಿ ಮಗ್ಗಿನ ಮೇಲೆ, ಎಲ್ಲೆಲ್ಲೂ ಆ ಶೈಲಿಯ ನಕಲುಗಳೇ. ಇದೇ ವಾರ್ಹೋಲ್ 1985ರಲ್ಲಿ ಮೌಸ್ ಹಿಡಿದು ಕಂಪ್ಯೂಟರಿನಲ್ಲಿ ಚಿತ್ರ ಬರೆದಿದ್ದ. ಅವುಗಳಲ್ಲಿ ಒಂದಷ್ಟು ಚಿತ್ರಗಳು ಹೊರಜಗತ್ತಿಗೆ ಕಂಡಿದ್ದು 2014ರಲ್ಲಿ! ಕಲೆಯ ಬಗ್ಗೆ ತೀರ್ಪು ಕೊಡುವಷ್ಟು ದೊಡ್ಡವನು ನಾನಲ್ಲ, ಹೊಟ್ಟೆಪಾಡಿಗೆ ಕೋಡ್ ಬರೆಯುವವನು. ಆದರೆ ಈ ಕಥೆಯಲ್ಲಿ ಅರ್ಧ ಕಲೆ, ಇನ್ನರ್ಧ ಬಿಟ್ಟು-ಬೈಟು. ಹಾಗಾಗಿ ಬರೆಯುವ ಧೈರ್ಯ ಮಾಡಿದ್ದೇನೆ.

ವಾರ್ಹೋಲ್ ಹುಟ್ಟಿದ್ದು 1928ರಲ್ಲಿ, ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ. 1949ರಲ್ಲಿ ಅಲ್ಲಿನ ಕಾರ್ನೆಗಿ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯಲ್ಲಿ ಓದು ಮುಗಿಸಿ ನ್ಯೂಯಾರ್ಕಿಗೆ ಹೋದ. (ಈ ಕಾಲೇಜನ್ನು ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಬರುತ್ತದೆ.) ಹೊಟ್ಟೆಪಾಡಿಗೆ ಜಾಹೀರಾತುಗಳಿಗೆ ಚಿತ್ರ ಬರೆದುಕೊಡುತ್ತಿದ್ದ. ಐ. ಮಿಲ್ಲರ್ ಎಂಬ ಚಪ್ಪಲಿ-ಬೂಟಿನ ಕಂಪನಿಗೆ ಬರೆದ ಶೂಗಳಿಂದಲೇ ಅವನಿಗೆ ಹೆಸರು ಬಂದಿದ್ದು. ಆಗ ಅವನದೊಂದು ವಿಚಿತ್ರ ವಿಧಾನವಿತ್ತು. ಶಾಯಿ ಹೀರದ ಕಾಗದದ ಮೇಲೆ ಗೆರೆ ಎಳೆಯುವುದು, ಒಣಗುವ ಮೊದಲೇ ಇನ್ನೊಂದು ಕಾಗದವನ್ನು ಅದರ ಮೇಲೆ ಒತ್ತುವುದು. ಎರಡನೇ ಹಾಳೆಯ ಮೇಲೆ ಮೂಡಿದ ತುಂಡುತುಂಡು ಗೆರೆಯೇ ಅಂತಿಮ ಚಿತ್ರ! ಅಂದರೆ ಆಗಲೇ ಅವನಿಗೆ ಕೈಯಿಂದ ಬರೆದ ಗೆರೆಗಿಂತ ಅದರ ಅಚ್ಚೇ ಪ್ರೀತಿ.

1962ರಲ್ಲಿ ಲಾಸ್ ಏಂಜಲೀಸ್‌ನ ಫೆರಸ್ ಗ್ಯಾಲರಿಯಲ್ಲಿ ಕ್ಯಾಂಪ್‌ಬೆಲ್ ಸೂಪ್ ಡಬ್ಬಿಗಳ 32 ಕ್ಯಾನ್ವಾಸುಗಳನ್ನು ಇಟ್ಟ. ಒಂದೊಂದೂ ಒಂದೊಂದು ರುಚಿಯ ಸೂಪು, ಮಿಕ್ಕಿದ್ದೆಲ್ಲ ಹೆಚ್ಚುಕಡಿಮೆ ಒಂದೇ. ಅದೇ ವರ್ಷ ಸಿಲ್ಕ್‌ಸ್ಕ್ರೀನ್ ಹಿಡಿದ. ನಮ್ಮಲ್ಲಿ ಮದುವೆ ಕಾರ್ಡು, ಬ್ಯಾನರು ಹಾಕಿಸುವವರಿಗೆ ಸ್ಕ್ರೀನ್ ಪ್ರಿಂಟಿಂಗ್ ಗೊತ್ತೇ ಇದೆ, ಅದೇ ಇದು. ವಾರ್ಹೋಲ್ ಮಾಡಿದ್ದೇನೆಂದರೆ, ಫೋಟೋ ಒಂದನ್ನು ಬೆಳಕಿನ ಸಹಾಯದಿಂದ ಪರದೆಗೆ ಇಳಿಸಿದ. ಕ್ಯಾನ್ವಾಸಿನ ಮೇಲೆ ಮುಖದ ಜಾಗಕ್ಕೆ, ಕೂದಲಿನ ಜಾಗಕ್ಕೆ, ತುಟಿಗೆ ಚಪ್ಪಟೆ ಬಣ್ಣ ಬಳಿದ. ಅದರ ಮೇಲೆ ಪರದೆ ಇಟ್ಟು ಕಪ್ಪು ಶಾಯಿ ಎಳೆದ. ಬಣ್ಣ ಅಂಚು ದಾಟಿದರೆ ದಾಟಲಿ, ಅಚ್ಚು ಒಂಚೂರು ಆಚೀಚೆ ಆದರೆ ಆಗಲಿ. ಆ ತಪ್ಪಿದ ಅಚ್ಚೇ ಅವನ ಸಹಿ ಇದ್ದ ಹಾಗೆ.

ಒಂದೇ ಮಾಧ್ಯಮಕ್ಕೆ ಅಂಟಿಕೊಂಡವನಲ್ಲ ಈತ. ಸಿನೆಮಾ ತೆಗೆದ. ಪೋಲರಾಯ್ಡ್ ಕ್ಯಾಮೆರಾದಲ್ಲಿ ಮುಖಗಳನ್ನು ಹಿಡಿದು ಅವುಗಳಿಂದ ಭಾವಚಿತ್ರ ಮಾಡಿದ. 1970ರ ದಶಕದ ಕೊನೆಯಲ್ಲಿ ತಾಮ್ರದ ಬಣ್ಣ ಬಳಿದ ಕ್ಯಾನ್ವಾಸುಗಳ ಮೇಲೆ ಮೂತ್ರ ಹೊಯ್ಯಿಸಿ, ಅದು ಕಿಲುಬು ಹಿಡಿದಾಗ ಮೂಡುವ ಹಸಿರನ್ನೇ ಚಿತ್ರ ಅಂದ (ನಗಬೇಡಿ, ನಿಜ!). ಶೂಗಳ ಚಿತ್ರದ ಮೇಲೆ ಗಾಜಿನ ಪುಡಿ ಉದುರಿಸಿದ. 80ರ ದಶಕದಲ್ಲಿ ಒಂದೇ ಫೋಟೋದ ಹಲವು ಪ್ರತಿಗಳನ್ನು ಹೊಲಿಗೆ ಮಿಷನ್ನಿನಲ್ಲಿ ಜೋಡಿಸಿ ಹೊಲಿದ. ಬಣ್ಣ, ಶಾಯಿ, ಫೋಟೋ, ಲೋಹ, ದಾರ... ಮಿಶ್ರ ಮಾಧ್ಯಮ ಅಂದರೆ ಇದಕ್ಕಿಂತ ಬೇರೆ ಉದಾಹರಣೆ ಬೇಕೆ?

ಇಂಥವನ ಕೈಗೆ ಕಂಪ್ಯೂಟರ್ ಸಿಗದೇ ಇರುತ್ತದೆಯೇ. 1984ರ ಅಕ್ಟೋಬರಿನಲ್ಲಿ ಜಾನ್ ಲೆನನ್ ಮಗ ಶಾನ್‌ನ ಒಂಬತ್ತನೇ ಹುಟ್ಟುಹಬ್ಬಕ್ಕೆ ಸ್ಟೀವ್ ಜಾಬ್ಸ್ ಒಂದು ಮ್ಯಾಕಿಂತೋಷ್ ತಂದಿದ್ದ. ಅಲ್ಲಿದ್ದ ಪತ್ರಕರ್ತ ಡೇವಿಡ್ ಶೆಫ್ ಬರೆದಿರುವಂತೆ, ವಾರ್ಹೋಲ್‌ಗೆ ಮೌಸ್ ಮೇಜಿನ ಮೇಲೆ ಉಜ್ಜಬೇಕು ಅಂತ ಗೊತ್ತಾಗಲಿಲ್ಲ, ಅದನ್ನು ಗಾಳಿಯಲ್ಲಿ ಎತ್ತಿ ಆಡಿಸಿದನಂತೆ. ಆಮೇಲೆ ತೆರೆಯ ಮೇಲೆ ಒಂದು ವೃತ್ತ ಮೂಡಿದಾಗ ಮಗುವಿನ ಹಾಗೆ ಖುಷಿಪಟ್ಟನಂತೆ. ವಯಸ್ಸು ಆಗ 56.

ಮುಂದಿನ ವರ್ಷ, 1985ರ ಜುಲೈ 23ರಂದು ಕಮಡೋರ್ ಕಂಪನಿ ನ್ಯೂಯಾರ್ಕಿನ ಲಿಂಕನ್ ಸೆಂಟರಿನಲ್ಲಿ ತನ್ನ ಅಮಿಗಾ ಕಂಪ್ಯೂಟರನ್ನು ಬಿಡುಗಡೆ ಮಾಡಿತು. ವೇದಿಕೆಯ ಮೇಲೆ ವಾರ್ಹೋಲ್, ಎದುರಿಗೆ ಗಾಯಕಿ ಡೆಬಿ ಹ್ಯಾರಿ. ವಿಡಿಯೋ ಕ್ಯಾಮೆರಾದಿಂದ ಅವಳ ಕಪ್ಪು-ಬಿಳುಪು ಚಿತ್ರ ತೆರೆಗೆ ಬಂತು. ವಾರ್ಹೋಲ್ ಪ್ರೋಪೇಂಟ್ ಎಂಬ ಪ್ರೋಗ್ರಾಮಿನಲ್ಲಿ ಆ ಚಿತ್ರಕ್ಕೆ ಬಣ್ಣ ಹಾಕಿದ. ಆ ಪ್ರೋಗ್ರಾಮ್ ಇನ್ನೂ ಪೂರ್ತಿ ತಯಾರಾಗಿರಲಿಲ್ಲ. ಬಣ್ಣ ತುಂಬುವ 'ಫ್ಲಡ್ ಫಿಲ್' ಒತ್ತಿದರೆ ಆಗಾಗ ಕ್ರ್ಯಾಶ್ ಆಗುತ್ತಿತ್ತು. ಇಂಜಿನಿಯರಿಂಗ್‌ನಲ್ಲಿ ಗ್ರಾಫಿಕ್ಸ್ ಲ್ಯಾಬ್ ಮಾಡಿದವರಿಗೆ ಫ್ಲಡ್ ಫಿಲ್ ನೆನಪಿರಬೇಕು: ಒಂದು ಚುಕ್ಕಿಯಿಂದ ಶುರುಮಾಡಿ ಅಕ್ಕಪಕ್ಕದ ಅದೇ ಬಣ್ಣದ ಚುಕ್ಕಿಗಳಿಗೆಲ್ಲ ಹೊಸ ಬಣ್ಣ ಹರಡುತ್ತಾ ಹೋಗುವುದು. ಗೆರೆಯಲ್ಲಿ ಒಂದೇ ಒಂದು ಚುಕ್ಕಿ ತೂತು ಇದ್ದರೂ ಬಣ್ಣ ಹೊರಗೆ ಸೋರಿಹೋಗುತ್ತದೆ. ವಾರ್ಹೋಲ್ ಯಾವ ಭಯವೂ ಇಲ್ಲದೆ ಫಿಲ್ ಒತ್ತುತ್ತಾ ಹೋದ. ಯಂತ್ರ ಮರ್ಯಾದೆ ಉಳಿಸಿತು. ಸಭಿಕರ ನಡುವೆ ಕೂತಿದ್ದ ಇಂಜಿನಿಯರುಗಳ ಎದೆಬಡಿತ ಎಷ್ಟಿತ್ತೋ! ಡೆಮೋ ಕೊಟ್ಟವರಿಗೇ ಗೊತ್ತು ಆ ಕಷ್ಟ. :-)

ಈಗ ಸ್ವಲ್ಪ ಹಿಂದಕ್ಕೆ ಹೋಗಿ ನೋಡಿ. ಫೋಟೋ, ಅದರ ಮೇಲೆ ಚಪ್ಪಟೆ ಬಣ್ಣ, ಅಂಚು ದಾಟಿದರೂ ಪರವಾಗಿಲ್ಲ ಅನ್ನುವ ಧೋರಣೆ. ಇಪ್ಪತ್ತಮೂರು ವರ್ಷದಿಂದ ಪರದೆ, ಶಾಯಿ ಹಿಡಿದು ಮಾಡುತ್ತಿದ್ದುದನ್ನೇ ಅವನು ಮೌಸ್ ಹಿಡಿದು ಮಾಡಿದ್ದು. ಅಮಿಗಾದಲ್ಲಿ ಕೆಲಸ ಮಾಡುವುದು ಯಾಕೆ ಇಷ್ಟ ಅಂತ ಪತ್ರಿಕೆಯೊಂದು ಕೇಳಿದಾಗ, ಅದು ತನ್ನ ಕೆಲಸದ ಹಾಗೇ ಕಾಣುತ್ತದೆ ಅನ್ನುವ ಅರ್ಥದಲ್ಲಿ ಉತ್ತರಿಸಿದ್ದ. ಡಿಜಿಟಲ್ ಚಿತ್ರ ಅಂದರೆ ಕಲಾವಿದ ತನ್ನದೆಲ್ಲವನ್ನೂ ಬಿಟ್ಟು ಹೊಸದಾಗಿ ಕಲಿಯಬೇಕು ಅಂತ ನಾವು ಅಂದುಕೊಳ್ಳುತ್ತೇವೆ. ವಾರ್ಹೋಲ್ ಹೊಸ ಕೈ ಮಾತ್ರ ಕಲಿಯಬೇಕಿತ್ತು, ಕಣ್ಣು ಹಳೆಯದೇ ಸಾಕಿತ್ತು.

ಕೈ ಮಾತ್ರ ಒಗ್ಗಿರಲಿಲ್ಲ ಅನ್ನುವುದು ಚಿತ್ರಗಳಲ್ಲಿ ಚೆನ್ನಾಗಿ ಕಾಣುತ್ತದೆ. ಮೌಸಿನಲ್ಲಿ ಬರೆದ ಸೂಪ್ ಡಬ್ಬಿ ಒಂದಿದೆ, ಗೆರೆ ಎಲ್ಲೆಲ್ಲೋ ಓಡಿದೆ. ಎಂಎಸ್ ಪೇಂಟ್‌ನಲ್ಲಿ ಮೊದಲ ಸಲ ನಾವು ಬರೆದ ಮನೆ-ಮರ-ಸೂರ್ಯನ ಹಾಗೇ ಇದೆ. ಇನ್ನೊಂದರಲ್ಲಿ ಬಾಟಿಚೆಲ್ಲಿಯ ವೀನಸ್ ಮುಖ, ಒಂದು ಕಣ್ಣನ್ನು ಕಾಪಿ ಮಾಡಿ ಹಣೆಗೆ ಅಂಟಿಸಿ ಮುಕ್ಕಣ್ಣಿ ಮಾಡಿದ್ದಾನೆ. ಇಡೀ ತೆರೆ 320 ಅಡ್ಡ, 200 ಉದ್ದ, ಅಂದರೆ 64,000 ಚುಕ್ಕಿ. 4096 ಬಣ್ಣಗಳಲ್ಲಿ ಒಂದು ಸಲಕ್ಕೆ 32. ಚುಕ್ಕಿಗೆ 5 ಬಿಟ್‌ನಂತೆ ಲೆಕ್ಕ ಹಾಕಿದರೆ ಒಂದು ಚಿತ್ರಕ್ಕೆ ಸುಮಾರು 40 ಕೆಬಿ. ವಾಟ್ಸಾಪಿನಲ್ಲಿ ಬೆಳಿಗ್ಗೆ ಬೆಳಿಗ್ಗೆ ಬರುವ ಶುಭೋದಯದ ಹೂವು ಇದಕ್ಕಿಂತ ದೊಡ್ಡದಿರುತ್ತದೆ!

1987ರ ಫೆಬ್ರವರಿ 22ರಂದು, ಪಿತ್ತಕೋಶದ ಆಪರೇಷನ್ ಆದ ಮರುದಿನ, ವಾರ್ಹೋಲ್ ತೀರಿಕೊಂಡ. ಅವನ ವಸ್ತುಗಳು ಪಿಟ್ಸ್‌ಬರ್ಗ್‌ನಲ್ಲಿ 1994ರಲ್ಲಿ ತೆರೆದ ವಾರ್ಹೋಲ್ ಮ್ಯೂಸಿಯಂಗೆ ಬಂದವು. ಅವನಿಗೊಂದು ಅಭ್ಯಾಸವಿತ್ತು. ಪತ್ರ, ಬಿಲ್ಲು, ಫೋಟೋ, ಪೇಪರ್ ಕಟಿಂಗ್, ಕೈಗೆ ಸಿಕ್ಕಿದ್ದನ್ನೆಲ್ಲ ಪೆಟ್ಟಿಗೆಗೆ ತುಂಬಿ ಮುಚ್ಚಿಡುವುದು. ಇದಕ್ಕೆ 'ಟೈಮ್ ಕ್ಯಾಪ್ಸೂಲ್' ಅಂತ ಹೆಸರು, ಒಟ್ಟು 610 ಇವೆ. ಹೆಚ್ಚಿನವು ಮಾಮೂಲಿ ರಟ್ಟಿನ ಪೆಟ್ಟಿಗೆಗಳು. ಮುಚ್ಚಳ ತೆಗೆದರೆ ಸಾಕು, ಓದಬಹುದು. ಅಮಿಗಾ ಫ್ಲಾಪಿಗಳೂ ಅದೇ ಮ್ಯೂಸಿಯಂನಲ್ಲಿ ಇದ್ದವು. ಅವಕ್ಕೆ ಮಾತ್ರ ಮುಚ್ಚಳ ಇರಲಿಲ್ಲ.

ಕೋರಿ ಆರ್ಕೇಂಜಲ್ ಎಂಬ ಕಲಾವಿದ ಯೂಟ್ಯೂಬಿನಲ್ಲಿ ಆ 1985ರ ಬಿಡುಗಡೆಯ ವಿಡಿಯೋ ನೋಡಿ, ಉಳಿದ ಚಿತ್ರಗಳು ಎಲ್ಲಿ ಅಂತ 2011ರಲ್ಲಿ ಕೇಳತೊಡಗಿದ. ಮ್ಯೂಸಿಯಂನವರು ಸಹಾಯಕ್ಕೆ ಹೋಗಿದ್ದು ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯಕ್ಕೆ. ವಾರ್ಹೋಲ್ ಓದಿದ ಕಾಲೇಜೇ 1967ರಲ್ಲಿ ಈ ಹೆಸರು ಪಡೆದಿದ್ದು! ಅಲ್ಲಿನ ಕಂಪ್ಯೂಟರ್ ಕ್ಲಬ್ಬಿನವರು ಹಳೆಯ ಯಂತ್ರಗಳ ಹುಚ್ಚರು. ಹಳೆಯ ಫ್ಲಾಪಿಯನ್ನು ಓದಲು ಹೋದರೆ ಓದುವಾಗಲೇ ಹಾಳಾಗುವ ಅಪಾಯ ಇರುತ್ತದೆ. ಅದಕ್ಕೆ ಅವರು ಕ್ರಯೋಫ್ಲಕ್ಸ್ ಎಂಬ ಉಪಕರಣ ಬಳಸಿ, ಡಿಸ್ಕಿನ ಕಾಂತೀಯ ಏರಿಳಿತಗಳನ್ನೇ ನೇರವಾಗಿ ನಕಲು ಮಾಡಿಕೊಂಡರು. ಫೈಲುಗಳ ಪಟ್ಟಿಯಲ್ಲಿ ಕ್ಯಾಂಪ್‌ಬೆಲ್, ಮರಿಲಿನ್ ಅನ್ನುವ ಹೆಸರುಗಳು ಕಂಡವು. ಆದರೆ ಒಂದೂ ತೆರೆಯಲಿಲ್ಲ! ಗ್ರಾಫಿಕ್ರಾಫ್ಟ್ ಎಂಬ ಪ್ರೋಗ್ರಾಮಿನ ಬಿಡುಗಡೆಗೆ ಮುಂಚಿನ ಆವೃತ್ತಿಯಲ್ಲಿ ಉಳಿಸಿದ್ದ ಫೈಲುಗಳವು. ಫಾರ್ಮ್ಯಾಟ್ ಯಾರಿಗೂ ತಿಳಿದಿರಲಿಲ್ಲ. ಕ್ಲಬ್ಬಿನವರು ಬೈಟುಗಳನ್ನು ಬಿಡಿಸಿ ನೋಡಿ ಫಾರ್ಮ್ಯಾಟನ್ನು ತಾವೇ ಕಂಡುಹಿಡಿದರು. 2014ರ ಏಪ್ರಿಲ್‌ನಲ್ಲಿ ಪ್ರಕಟಿಸಿದಾಗ ಅದುವರೆಗೂ ಯಾರೂ ನೋಡಿರದ 28 ಚಿತ್ರಗಳು ಸಿಕ್ಕಿದ್ದವು, 11ರಲ್ಲಿ ವಾರ್ಹೋಲ್ ಸಹಿಯೂ ಇತ್ತು.

ನನಗೆ ತಲೆಕೆಡಿಸಿದ್ದು ಇಲ್ಲಿಯ ವಿಪರ್ಯಾಸ. ಜೀವನವಿಡೀ ಪ್ರತಿ ತೆಗೆಯುವುದನ್ನೇ ಕಲೆ ಮಾಡಿಕೊಂಡವನು ಈತ. ಕೊನೆಗೆ ಒಂದಿಷ್ಟೂ ತಪ್ಪದೆ ಪ್ರತಿ ತೆಗೆಯುವ ಯಂತ್ರವೇ ಕೈಗೆ ಬಂತು. ಅದರಲ್ಲಿ ಮಾಡಿದ ಚಿತ್ರಗಳೇ ಪ್ರತಿಯಾಗದೆ ಫ್ಲಾಪಿಯಲ್ಲಿ ಸುಮಾರು ಮೂವತ್ತು ವರ್ಷ ಕೂತವು. ಸೂಪ್ ಡಬ್ಬಿಯ ಕ್ಯಾನ್ವಾಸನ್ನು ಯಾರೂ ಮುಟ್ಟದೆ ಗೋದಾಮಿನಲ್ಲಿಟ್ಟರೂ ಅದು ಚಿತ್ರವಾಗಿಯೇ ಇರುತ್ತದೆ. ಫೈಲು ಹಾಗಲ್ಲ. ಅದನ್ನು ಓದುವ ಯಂತ್ರ, ಪ್ರೋಗ್ರಾಮ್, ಫಾರ್ಮ್ಯಾಟ್ ಮೂರೂ ಇದ್ದರೆ ಮಾತ್ರ ಅದು ಚಿತ್ರ.

ಇದಕ್ಕೊಂದು ಬಾಲವೂ ಇದೆ. 2021ರ ಮೇ ತಿಂಗಳಲ್ಲಿ ಕ್ರಿಸ್ಟೀಸ್ ಹರಾಜು ಸಂಸ್ಥೆ ಈ ಚಿತ್ರಗಳಲ್ಲಿ ಐದನ್ನು ಎನ್‌ಎಫ್‌ಟಿ ಮಾಡಿ ಮಾರಿತು. ಬಂದ ಹಣ 33 ಲಕ್ಷ ಡಾಲರಿಗೂ ಹೆಚ್ಚು. ಚಿತ್ರಗಳನ್ನು ಹೊರತೆಗೆಯುವ ಕೆಲಸದಲ್ಲಿದ್ದ ಗೋಲನ್ ಲೆವಿನ್ ಆಗ ಎತ್ತಿದ ತಕರಾರು ನೋಡಿ: ಮಾರಿದ್ದು ವಾರ್ಹೋಲ್ ಉಳಿಸಿದ ಫೈಲುಗಳನ್ನಲ್ಲ, ಅವುಗಳನ್ನು ಆಮೇಲೆ ಸಾವಿರಾರು ಚುಕ್ಕಿಗಳಿಗೆ ಹಿಗ್ಗಿಸಿದ ಪ್ರತಿಗಳನ್ನು! ಕೈಯಿಂದ ಬರೆದ ಗೆರೆಗಿಂತ ಎರಡನೇ ಹಾಳೆಯ ಅಚ್ಚನ್ನೇ ಅಂತಿಮ ಅಂದವನ ವಿಷಯದಲ್ಲಿ ಮೂಲ ಯಾವುದು ಅಂತ ಜಗಳ. ಅವನೇ ಇದ್ದಿದ್ದರೆ ನಕ್ಕುಬಿಡುತ್ತಿದ್ದನೇನೋ. ನಾನು ಮಾತ್ರ ಲೆವಿನ್ ಪಕ್ಷ. ಅವನು ಇಟ್ಟಿದ್ದು 64,000 ಚುಕ್ಕಿ, ಅಷ್ಟನ್ನೇ ಉಳಿಸಬೇಕು.

ಅಮೆರಿಕದ ಕಥೆ ನಮಗ್ಯಾಕೆ ಅನ್ನಬೇಡಿ. ನಮ್ಮಪ್ಪ ಹೈಸ್ಕೂಲ್ ಮೇಷ್ಟ್ರು. ಹತ್ತಿಪ್ಪತ್ತು ವರ್ಷಗಳ ಹಿಂದೆ ನುಡಿಯಲ್ಲಿ ಟೈಪ್ ಮಾಡಿದ ಅವರ ನಾಟಕಗಳು ಇವೆ. ಹೊಸ ಲ್ಯಾಪ್‌ಟಾಪಿನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ. ಯೂನಿಕೋಡ್‌ಗೆ ಮುಂಚಿನ ನುಡಿ, ಬರಹ, ಶ್ರೀಲಿಪಿ ಫೈಲುಗಳ ಹಣೆಬರಹವೇ ಅದು. ಫೈಲಿನೊಳಗೆ ಕನ್ನಡ ಇಲ್ಲವೇ ಇಲ್ಲ, ಕನ್ನಡ ಇರುವುದು ಫಾಂಟಿನಲ್ಲಿ! ಫಾಂಟ್ ಹೋದರೆ ಭಾಷೆಯೂ ಹೋಯಿತು. ಪುಣ್ಯಕ್ಕೆ ಪರಿವರ್ತಕಗಳನ್ನು ಬರೆದವರು ನಮ್ಮ ನಡುವೆಯೇ ಇದ್ದಾರೆ. ಒಂದು ಭಾನುವಾರ ಕೂತು ಅಪ್ಪನ ಏಳು ನಾಟಕಗಳನ್ನೂ ಯೂನಿಕೋಡ್‌ಗೆ ತಂದೆ. ಒತ್ತಕ್ಷರ, ಅರ್ಕಾವತ್ತು ಅಲ್ಲಲ್ಲಿ ಎಡವಿದ್ದವು, ಅಪ್ಪನೇ ಪಕ್ಕದಲ್ಲಿ ಕೂತು ತಿದ್ದಿಸಿದರು. ಬರೆದವರು ಇರುವಾಗಲೇ ಈ ಕೆಲಸ ಆದರೆ ಅದರ ಅನುಕೂಲವೇ ಬೇರೆ. ವಾರ್ಹೋಲ್‌ನ ಚಿತ್ರಗಳಿಗೆ ಆ ಭಾಗ್ಯ ಇರಲಿಲ್ಲ.

ನಿಮ್ಮ ಮನೆಯಲ್ಲೂ ಇಂಥ ಫೈಲುಗಳು ಇರಬಹುದು: ಅಣ್ಣನ ಕವಿತೆ, ಅತ್ತೆಯ ರಂಗೋಲಿಯ ಚಿತ್ರ, ಯಾರದೋ ಪಿಎಚ್‌ಡಿ ಪ್ರಬಂಧ. ಸೀಡಿಯಲ್ಲೋ ಹಳೇ ಹಾರ್ಡ್ ಡಿಸ್ಕಿನಲ್ಲೋ ಇದ್ದರೆ ಈ ವಾರವೇ ತೆಗೆದು ನೋಡಿ. ತೆರೆಯದಿದ್ದರೆ ಒಂದು ಕಾಮೆಂಟ್ ಹಾಕಿ, ಕೂತು ಬಿಡಿಸೋಣ.